ನೈಟ್ರೋಜನ್‌ ಒತ್ತಿದರೆ ಸ್ಫೋಟಕ ಆಗುತ್ತಾ?

ನಿಮ್ಮ ಪ್ರಶ್ನೆ ಇದು: ಗಾಳಿಯಲ್ಲಿರುವ ನೈಟ್ರೋಜನ್‌ ಅನ್ನೇ ಜೋರಾಗಿ ಒತ್ತಿದರೆ ಈಗಿನ ಸ್ಫೋಟಕಗಳನ್ನೆಲ್ಲ ಮೀರಿಸುವ ವಸ್ತು ಸಿಗುತ್ತಂತೆ, ನಿಜವಾ? ನಿಜ ಆದರೆ ಯಾಕೆ ಯಾರೂ ಬಳಸುತ್ತಿಲ್ಲ?

ನಿಜ, ಮಾಡಿಯೂ ತೋರಿಸಿದ್ದಾರೆ. ಸಿಕ್ಕಿದ್ದು ಮಾತ್ರ ಒಂದು ಮೈಕ್ರೋಗ್ರಾಂ ಕೂಡ ಇಲ್ಲ! ನಾನು ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವನು. ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಗಾಳಿಯಲ್ಲಿ ನೈಟ್ರೋಜನ್ ಪರಮಾಣುಗಳು ಎರಡೆರಡಾಗಿ, ಮೂರು ಬಂಧ ಹಾಕಿಕೊಂಡು ಕೂತಿರುತ್ತವೆ. ಆ ಜೋಡಿಯನ್ನು ಬಿಡಿಸಲು ಮೋಲ್‌ಗೆ (ಅಣುಗಳನ್ನು ಎಣಿಸಲು ಕೆಮಿಸ್ಟ್ರಿಯಲ್ಲಿ ಬಳಸುವ ಅಳತೆ) ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. ಒಂಟಿ ಬಂಧ ಬಿಡಿಸಲು ಸುಮಾರು 160 ಸಾಕು. ಅಂಥ ಮೂರು ಸೇರಿದರೂ 480 ಆಯಿತು, ಅಷ್ಟೇ. ಅಂದರೆ ಒಂಟಿ ಬಂಧಗಳಲ್ಲಿ ಸಿಕ್ಕಿಹಾಕಿಕೊಂಡ ನೈಟ್ರೋಜನ್ ಸಂದು ಸಿಕ್ಕಿದ ಕೂಡಲೇ ಮತ್ತೆ ಜೋಡಿಯಾಗುತ್ತದೆ. ಮಿಕ್ಕ ಶಕ್ತಿಯೆಲ್ಲ ಶಾಖವಾಗಿ ಹೊರಗೆ ಬರುತ್ತದೆ. ಈಗ ಬಳಕೆಯಲ್ಲಿರುವ ಟಿಎನ್‌ಟಿ, ಆರ್‌ಡಿಎಕ್ಸ್‌ನಂಥ ಸ್ಫೋಟಕಗಳಲ್ಲೂ ನೈಟ್ರೋಜನ್ ಇದೆ. ಆದರೆ ಅಲ್ಲಿ ಇಂಗಾಲ ಉರಿಯುವುದರ ಪಾಲೂ ದೊಡ್ಡದು. ಬರೀ ನೈಟ್ರೋಜನ್‌ ಆದರೆ ಉರಿಯುವ ಮಾತೇ ಇಲ್ಲ. ಮಸಿಯೂ ಇಲ್ಲ, ಉಳಿಯುವುದು ನಾವು ಉಸಿರಾಡುವ ಅದೇ ನೈಟ್ರೋಜನ್.

ತುಂಬಾ ಒತ್ತಡ ಹಾಕಿದರೆ ಆ ಮೂರು ಬಂಧ ಕಳಚಿ, ಪ್ರತಿ ಪರಮಾಣುವೂ ಮೂರು ಕಡೆ ಒಂಟಿ ಬಂಧ ಚಾಚಿ ಬಲೆಯಾಗಬೇಕು ಅಂತ 1992ರಲ್ಲಿ ಅಮೆರಿಕದ ಲಿವರ್‌ಮೋರ್ ಲ್ಯಾಬಿನವರು ಲೆಕ್ಕ ಹಾಕಿದ್ದರು. ಅದನ್ನು ಮಾಡಿ ತೋರಿಸಿದ್ದು 2004ರಲ್ಲಿ, ಜರ್ಮನಿಯ ಮೈಂಜ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಕೆಮಿಸ್ಟ್ರಿ ಸಂಸ್ಥೆಯ ಮಿಖಾಯಿಲ್ ಎರೆಮೆಟ್ಸ್ ಮತ್ತು ಅವರ ತಂಡ. 110 ಗಿಗಾಪಾಸ್ಕಲ್‌ಗಿಂತ ಹೆಚ್ಚು ಒತ್ತಡ, 2,000 ಕೆಲ್ವಿನ್‌ಗಿಂತ ಹೆಚ್ಚು ಬಿಸಿ. 110 ಗಿಗಾಪಾಸ್ಕಲ್ ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 11 ಲಕ್ಷ ಪಟ್ಟು.

ಇದಕ್ಕೆ ದೊಡ್ಡ ಯಂತ್ರ ಬೇಕು ಅಂದುಕೊಂಡಿರಾ? ಅಂಗೈಯಲ್ಲಿ ಹಿಡಿಸುವ ಒಂದು ಲೋಹದ ಡಬ್ಬಿ ಸಾಕು. ಒಳಗೆ ಎರಡು ವಜ್ರ, ಎದುರುಬದುರಾಗಿ. ಎರಡರ ತುದಿಯನ್ನೂ ಚಪ್ಪಟೆಯಾಗಿ ಉಜ್ಜಿರುತ್ತಾರೆ. ನಡುವೆ ತೆಳ್ಳಗಿನ ಲೋಹದ ಹಾಳೆ, ಅದರಲ್ಲೊಂದು ಸಣ್ಣ ತೂತು. ಆ ತೂತಿನಲ್ಲಿ ನೈಟ್ರೋಜನ್. ಆಮೇಲೆ ಸ್ಕ್ರೂ ತಿರುಗಿಸಿ ಬಿಗಿ ಮಾಡುವುದು. ನೀವೇ ಲೆಕ್ಕ ಹಾಕಿ ನೋಡಿ: ವಜ್ರದ ತುದಿ 0.1 ಮಿಲಿಮೀಟರ್ ಅಗಲ ಇದ್ದರೆ, 110 ಗಿಗಾಪಾಸ್ಕಲ್ ಬರಲು ಹೆಚ್ಚುಕಮ್ಮಿ 90 ಕೆಜಿ ಭಾರ ಸಾಕು. ಜಾಗ ಅಷ್ಟು ಚಿಕ್ಕದು, ಅದಕ್ಕೇ. ವಜ್ರ ಪಾರದರ್ಶಕ ಆಗಿರುವುದರಿಂದ ಅದರ ಮೂಲಕವೇ ಲೇಸರ್ ಬಿಟ್ಟು ಬಿಸಿ ಮಾಡುತ್ತಾರೆ, ಒಳಗೆ ಏನಾಗುತ್ತಿದೆ ಅಂತ ನೋಡುತ್ತಾರೆ. ಅಂಥ ಒತ್ತಡದಲ್ಲಿ ಕಪ್ಪಾಗಿದ್ದ ನೈಟ್ರೋಜನ್, ಲೇಸರ್ ಬಿದ್ದ ಮೇಲೆ ಬಣ್ಣವಿಲ್ಲದ ಹರಳಾಯಿತು. ಹೊಸ ಬಂಧಗಳನ್ನು ಗುರುತಿಸಲು ಎಕ್ಸ್‌ರೇ ಜೊತೆ ಬಳಸಿದ್ದು ನಮ್ಮ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮವನ್ನೇ (ವಸ್ತುವಿಗೆ ಬಡಿದು ಚದುರಿದ ಬೆಳಕಿನ ಬಣ್ಣ ಬದಲಾಗುವುದನ್ನು ನೋಡಿ ಬಂಧಗಳನ್ನು ಗುರುತಿಸುವುದು). ರಾಮನ್‌ಗೆ ಬೆಂಗಳೂರಿನಲ್ಲಿದ್ದಾಗ ವಜ್ರದ ಹುಚ್ಚು ಎಷ್ಟಿತ್ತು ಅಂತ ಗೊತ್ತಿರುವವರಿಗೆ ಇದು ಖುಷಿ ಕೊಡುವ ಸಂಗತಿ.

ಈಗಿನ ಅತಿ ಶಕ್ತಿಶಾಲಿ ಸ್ಫೋಟಕಗಳ ಐದು ಪಟ್ಟಿಗಿಂತ ಜಾಸ್ತಿ ಶಕ್ತಿ ಇದರಲ್ಲಿರುತ್ತದೆ ಅಂತ ಆ ತಂಡ ಅಂದಾಜಿಸಿತ್ತು. ನೀವು ಓದಿದ್ದು ಬಹುಶಃ ಈ ಸಾಲನ್ನೇ. ಅದು ಅಂದಾಜು, ಸಿಡಿಸಿ ಅಳೆದದ್ದಲ್ಲ. ಸಿಡಿಸಲು ಹೊರಗೆ ತೆಗೆಯಬೇಕಲ್ವಾ? ಅಲ್ಲೇ ಇರುವುದು ಎಡವಟ್ಟು. ಮಾಮೂಲಿ ತಾಪದಲ್ಲಿ ಅವರು ಒತ್ತಡವನ್ನು 42 ಗಿಗಾಪಾಸ್ಕಲ್‌ವರೆಗೆ ಇಳಿಸುವ ತನಕ ಅದು ಉಳಿದಿತ್ತು. ಅದೂ ಗಾಳಿಯ ಒತ್ತಡದ ನಾಲ್ಕು ಲಕ್ಷ ಪಟ್ಟಿಗಿಂತ ಜಾಸ್ತಿಯೇ. ಜೊತೆಗೆ ಇಂಥ ಪ್ರಯೋಗಗಳಲ್ಲಿ ವಜ್ರ ಬಿರುಕು ಬಿಡುವುದು ಸಾಮಾನ್ಯ. ಹೀಗಿರುವಾಗ ಇದರಿಂದ ರಾಕೆಟ್ ಹಾರಿಸುವ ಮಾತನ್ನು ನಾನಂತೂ ಸದ್ಯಕ್ಕೆ ಗಂಭೀರವಾಗಿ ತಗೊಳ್ಳಲ್ಲ. ಎರೆಮೆಟ್ಸ್ ಅವರೇ ಮುಂದೆ ಹೆಚ್ಚು ಹೆಸರು ಮಾಡಿದ್ದು ಬೇರೆ ಕೆಲಸಕ್ಕೆ: 2015ರಲ್ಲಿ, ಇದೇ ವಜ್ರದ ಉಪಕರಣದಲ್ಲಿ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನ್ನು ಒತ್ತಿ ಮೈನಸ್ 70 ಡಿಗ್ರಿಯಲ್ಲಿ ಸೂಪರ್‌ಕಂಡಕ್ಟರ್ (ವಿದ್ಯುತ್ತಿಗೆ ಸ್ವಲ್ಪವೂ ತಡೆಯೊಡ್ಡದ ವಸ್ತು) ಮಾಡಿದ್ದು.

ಸ್ಫೋಟಕಗಳ ಮೇಲೆ ಸಂಶೋಧನೆ ಮಾಡುವವರೂ ಇದೇ ವಜ್ರದ ಉಪಕರಣ ಬಳಸುತ್ತಾರೆ. ಹೊಸ ಸ್ಫೋಟಕ ಸಿಗದಿದ್ದರೆ ಅವರಿಗೆ ಇದು ಯಾಕೆ? ಟಿಎನ್‌ಟಿ ಸಿಡಿಯುವಾಗ ಒಳಗೆ ಸುಮಾರು 20 ಗಿಗಾಪಾಸ್ಕಲ್ ಒತ್ತಡ ಏಳುತ್ತದೆ, ಎಚ್‌ಎಂಎಕ್ಸ್ ಎಂಬ ಇನ್ನೂ ಜೋರಾದ ಸ್ಫೋಟಕದಲ್ಲಿ ಸುಮಾರು 39. ಸಿಡಿಯುವಾಗ ಎಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ವಜ್ರಗಳ ನಡುವೆಯಾದರೆ ಅದೇ ಒತ್ತಡಕ್ಕೆ ನಿಧಾನವಾಗಿ ಏರಿಸಿ, ಹರಳು ಎಲ್ಲಿ ರೂಪ ಬದಲಿಸುತ್ತದೆ ಅಂತ ನೋಡಬಹುದು. ಆರ್‌ಡಿಎಕ್ಸ್ ಸುಮಾರು 4 ಗಿಗಾಪಾಸ್ಕಲ್‌ನಲ್ಲೇ ಬೇರೆ ರೂಪಕ್ಕೆ ತಿರುಗುತ್ತದೆ. ಪೆಟ್ಟು ಬಿದ್ದಾಗ ಯಾವುದು ತಾಳುತ್ತದೆ, ಯಾವುದು ಸಿಡಿಯುತ್ತದೆ ಅಂತ ಅರ್ಥ ಮಾಡಿಕೊಳ್ಳಲು ಇದು ಬೇಕು. ಪತ್ರಿಕೆಯ ಹೆಡ್‌ಲೈನ್‌ಗೆ ಇದು ಬರಲ್ಲ, ಆದರೆ ಸಾಗಿಸುವವರ, ಸಂಗ್ರಹಿಸುವವರ ಜೀವ ಉಳಿಸುವ ಕೆಲಸ ಇದೇ.

ಬರೀ ನೈಟ್ರೋಜನ್‌ನ ಆಸೆಯನ್ನು ಯಾರೂ ಬಿಟ್ಟಿಲ್ಲ. 2025ರಲ್ಲಿ ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದವರು ಒತ್ತಡದ ದಾರಿಯನ್ನೇ ಬಿಟ್ಟು, ಆರು ನೈಟ್ರೋಜನ್ ಪರಮಾಣುಗಳ ಒಂದು ಅಣುವನ್ನು ತಯಾರಿಸಿದರು. ಅದನ್ನು ಉಳಿಸಿಕೊಂಡಿದ್ದು ದ್ರವ ನೈಟ್ರೋಜನ್‌ನಷ್ಟು ತಣ್ಣನೆಯ ತಾಪದಲ್ಲಿ, ಮೈನಸ್ 196 ಡಿಗ್ರಿ ಹತ್ತಿರ.