ಇಳಿಜಾರಿನ ಊರಿನ ಕೊಳಚೆ ನೀರು: ಇಂಗುಗುಂಡಿ ತೋಡುವ ಮುಂಚೆ

ನಲವತ್ತು ಮನೆಯ ಬೆಟ್ಟದ ಊರು, ಮನೆಗೊಂದು ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ ಸಾಕಾ, ಇಲ್ಲಾ ಎಲ್ಲರಿಗೂ ಸೇರಿ ಕೊಳಚೆ ನೀರು ಶುದ್ಧ ಮಾಡುವ ಒಂದು ಮೆಷಿನ್ ಪ್ಲಾಂಟ್ ತರಬೇಕಾ ಅಂತ ಕೇಳಿದ್ದೀರಿ. ಟ್ಯಾಂಕ್ ಇರಲಿ. ಇಂಗುಗುಂಡಿ ಮಾತ್ರ ದಯವಿಟ್ಟು ಈಗಲೇ ತೋಡಬೇಡಿ.

ಬಯಲಲ್ಲಾದರೆ ಟ್ಯಾಂಕಿನ ನೀರು ಮಣ್ಣಿನಲ್ಲಿ ನಿಧಾನಕ್ಕೆ ಇಳಿಯುತ್ತದೆ, ಇಳಿಯುತ್ತಲೇ ಸೋಸುತ್ತದೆ. ಬೆಟ್ಟದಲ್ಲಿ ಎಷ್ಟೋ ಕಡೆ ಒಂದೆರಡು ಅಡಿ ಮಣ್ಣು, ಕೆಳಗೆ ಬಂಡೆ. ನೀರು ಬಂಡೆಯ ಸೀಳು ಹಿಡಿದು ಓಡಿ ಕೆಳಗಿನ ಒರತೆಯಲ್ಲಿ ಏಳುತ್ತದೆ. ನಾವು ನಮ್ಮ ಊರಲ್ಲಿ ಎಲ್ಲರಿಗೂ ಮೊದಲೇ ಹೇಳಿ, ಮೇಲಿನ ಸಾಲಿನ ಒಂದು ಗುಂಡಿಗೆ ನೀರಿನ ಜಾಡು ತೋರಿಸುವ ಫ್ಲೋರಸೀನ್ ಎಂಬ ಹಸಿರು ಬಣ್ಣ ಸುರಿದು ನೋಡಿದೆವು. ಮೂರನೇ ದಿನ ಬೆಳಿಗ್ಗೆ ಕುಡಿಯುವ ಒರತೆಯ ನೀರು ತಿಳಿ ಹಸಿರಾಗಿತ್ತು. ಅಲ್ಲಿಯವರೆಗೆ ಅದರಲ್ಲಿ ವಾಸನೆ ಇರಲಿಲ್ಲ, ಬಣ್ಣ ಇರಲಿಲ್ಲ, ಮಕ್ಕಳಿಗೂ ಅದನ್ನೇ ಕೊಡುತ್ತಿದ್ದೆವು. ನೀವೂ ಮೊದಲು ಈ ಕೆಲಸ ಮಾಡಿ.

ಮೆಷಿನ್ ಪ್ಲಾಂಟ್ ಕೆಟ್ಟದ್ದಲ್ಲ. ಆದರೆ ಅದಕ್ಕೆ ಹಗಲೂ ರಾತ್ರಿ ಗಾಳಿ ಊದಬೇಕು. ಕರೆಂಟ್ ಒಂದು ದಿನ ಹೋದರೂ ಒಳಗೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸೊರಗುತ್ತವೆ, ಮತ್ತೆ ಹದಕ್ಕೆ ಬರಲು ಸಮಯ ಬೇಕು. ದಿನಾ ನೋಡಿಕೊಳ್ಳುವ ಆಳು ಇಲ್ಲದಿದ್ದರೆ ಬೇಡವೇ ಬೇಡ.

ನನ್ನ ಸಲಹೆ ಏನಂದ್ರೆ, ಗಟ್ಟಿ ಮಲ ಆಯಾ ಮನೆಯ ಟ್ಯಾಂಕಿನಲ್ಲೇ ಉಳಿಯಲಿ, ತೆಳು ನೀರು ಮಾತ್ರ ಸಣ್ಣ ಪೈಪಿನಲ್ಲಿ ಕೆಳಗಿಳಿದು ಒರತೆಗಿಂತ ತಗ್ಗಿನಲ್ಲಿರುವ ಒಂದು ಜಲ್ಲಿ ಹಾಸಿಗೆಗೆ ಬರಲಿ. ಇಳಿಜಾರು ಇದೆ, ಪಂಪ್ ಬೇಕಿಲ್ಲ. ಸುಮಾರು 60 ಸೆಂ.ಮೀ. ಆಳ, ತಳಕ್ಕೆ ನೀರು ಇಂಗದ ಶೀಟ್, ಮೇಲೆ ಜೊಂಡು ಅಥವಾ ಕಾಬಾಳೆ. ನೀರು ಜಲ್ಲಿಯ ಮೇಲೆ ಕಾಣಬಾರದು, ಸ್ವಲ್ಪ ಕೆಳಗೇ ಹರಿಯಬೇಕು. ಒಬ್ಬರಿಗೆ 3 ಚದರ ಮೀಟರ್ ಹಿಡಿದರೆ, ನಲವತ್ತು ಮನೆಗೆ ಸುಮಾರು 180 ಜನ ಅಂದುಕೊಂಡರೂ 540 ಚದರ ಮೀಟರ್ ಆಯ್ತು. ಅಷ್ಟು ಅಗಲದ ಸಮತಟ್ಟು ಬೆಟ್ಟದಲ್ಲಿ ಎಲ್ಲಿ ಸಿಗುತ್ತೆ ಅಲ್ವಾ? ಅದಕ್ಕೇ ಗದ್ದೆಯ ಮೆಟ್ಟಿಲಿನ ಹಾಗೆ ಮೂರು ನಾಲ್ಕು ಹಾಸಿಗೆ ಮಾಡಿ. ಚಳಿ ಜಾಸ್ತಿ ಇದ್ದರೆ ಜಾಗವನ್ನೂ ಜಾಸ್ತಿ ಮಾಡಿ, ಜಲ್ಲಿಗೆ ಅಂಟಿಕೊಂಡು ನೀರು ಶುದ್ಧ ಮಾಡುವುದು ಬ್ಯಾಕ್ಟೀರಿಯಾ, 10 ಡಿಗ್ರಿಗಿಂತ ಕೆಳಗೆ ಅದರ ಕೆಲಸ ತುಂಬಾ ನಿಧಾನ. ಇಲ್ಲಿಂದ ಹೊರಬರುವ ನೀರು ಕುಡಿಯುವುದಕ್ಕಲ್ಲ, ಮರಗಿಡಕ್ಕೆ ಬಿಡಿ.

ಹಾಸಿಗೆ ಕೆಡುವುದು ನೀರು ಒಳಬರುವ ಬಾಯಲ್ಲೇ. ನಮ್ಮದು ಎರಡನೇ ವರ್ಷ ಕಟ್ಟಿಕೊಂಡಿತು. ಅಗೆದಾಗ ಕಲ್ಲಿನ ಮಧ್ಯೆ ಬಿಳಿ ಜಿಡ್ಡು, ಅದರಡಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಅಡುಗೆಮನೆ ನೀರಿಗೆ ಜಿಡ್ಡು ತಡೆಯುವ ಚೇಂಬರ್ ಇಟ್ಟಿರಲಿಲ್ಲ, ಅದೇ ತಪ್ಪು. ಬಾಯಲ್ಲಿ ಮುಷ್ಟಿ ಗಾತ್ರದ ಕಲ್ಲು ಹಾಕಿ, ಆಮೇಲೆ ಸಣ್ಣ ಜಲ್ಲಿ. ಚಾವಣಿಯ ಮಳೆನೀರು ಯಾವ ಕಾರಣಕ್ಕೂ ಈ ಪೈಪಿಗೆ ಸೇರಬಾರದು, ಒಂದು ಜೋರು ಮಳೆಗೆ ಟ್ಯಾಂಕಿನ ಕೆಸರೆಲ್ಲಾ ಎದ್ದು ಬಂದುಬಿಡುತ್ತದೆ.

ವರ್ಷಕ್ಕೊಮ್ಮೆ ಕೋಲಿಗೆ ಬಿಳಿ ಬಟ್ಟೆ ಸುತ್ತಿ ಟ್ಯಾಂಕಿನ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕಪ್ಪು ಹಿಡಿದಷ್ಟು ಕೆಸರು. ಆಳದ ಮೂರರಲ್ಲೊಂದು ಪಾಲು ಬಂತಂದ್ರೆ ಪಂಪ್ ಗಾಡಿ ಕರೆಸಿ ಖಾಲಿ ಮಾಡಿಸಿ. ಯಾರನ್ನೂ ಒಳಗೆ ಇಳಿಸಬೇಡಿ, ಒಂದು ನಿಮಿಷಕ್ಕೂ ಬೇಡ. ಒಳಗಿನ ಗಾಳಿ ಎರಡು ಉಸಿರಿಗೆ ಮನುಷ್ಯನನ್ನು ಕೆಡವುತ್ತದೆ, ಎತ್ತಲು ಹೋದವರನ್ನೂ ಬಿಡುವುದಿಲ್ಲ.