ನೋವಿಲ್ಲದ ಹುಳುಕು ಹಲ್ಲನ್ನು ಈಗಲೇ ತುಂಬಿಸಬೇಕೇ?

ಕೆಳಗಿನ ದವಡೆ ಹಲ್ಲಿನಲ್ಲಿ ಕಪ್ಪು ಗುಳಿ ಬಿದ್ದಿದೆ, ನೋವಿಲ್ಲ, ತಣ್ಣೀರು ಕುಡಿದಾಗ ಮಾತ್ರ ಕ್ಷಣಕಾಲ ಜುಮ್ಮೆನ್ನುತ್ತದೆ ಎಂದು ಬರೆದಿದ್ದೀರಿ. ಹೀಗಿರುವಾಗ ತುಂಬಿಸಲೇಬೇಕೇ, ತುಂಬಿಸುವುದಾದರೆ ಬೆಳ್ಳಿ ಬಣ್ಣದ್ದು ಒಳ್ಳೆಯದೋ ಹಲ್ಲಿನ ಬಣ್ಣದ್ದೋ ಎಂಬುದು ನಿಮ್ಮ ಪ್ರಶ್ನೆ. ದಂತವೈದ್ಯನಾಗಿ ನಾನು ಹೇಳುವುದಿಷ್ಟು: ತುಂಬಿಸಬೇಕು, ಮತ್ತು ನೋವಿಲ್ಲದ ಈ ಅವಧಿಯೇ ಅದಕ್ಕೆ ತಕ್ಕ ಕಾಲ.

ಹಲ್ಲಿನ ಹೊರಪದರವಾದ ಎನಾಮಲ್‌ನಲ್ಲಿ ನರಗಳಿಲ್ಲ. ಆದ್ದರಿಂದ ಅದು ಸವೆಯುವುದು ನಮ್ಮ ಅರಿವಿಗೆ ಬರುವುದಿಲ್ಲ. ನಾವು ತಿಂದ ಸಿಹಿಯನ್ನೂ ಹಿಟ್ಟಿನ ಅಂಶವನ್ನೂ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಹಲ್ಲಿನ ಮೇಲ್ಮೈಯ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನ ಖನಿಜಗಳು ಕರಗತೊಡಗುತ್ತವೆ. ಬರೀ ಬಿಳಿ ಮಚ್ಚೆಯ ಹಂತದಲ್ಲಿದ್ದರೆ ಫ್ಲೋರೈಡ್‌ನಿಂದ ಅದನ್ನು ತಡೆಯಬಹುದು. ಗುಳಿ ಬಿದ್ದ ಮೇಲೆ ಯಾವ ಪೇಸ್ಟೂ ಅದನ್ನು ಮುಚ್ಚಲಾರದು. ಲವಂಗದ ಎಣ್ಣೆ ನೋವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆಯೇ ಹೊರತು ಹುಳುಕನ್ನು ನಿಲ್ಲಿಸುವುದಿಲ್ಲ. ಎನಾಮಲ್ ದಾಟಿದರೆ ಸಿಗುವ ಡೆಂಟಿನ್ ಅದಕ್ಕಿಂತ ಮೆದು. ಅಲ್ಲಿ ಹುಳುಕು ಅಡ್ಡಡ್ಡಲಾಗಿಯೂ ಹರಡುವುದರಿಂದ, ಮೇಲೆ ಸೂಜಿಯ ಮೊನೆಯಷ್ಟು ಕಾಣುವ ರಂಧ್ರದ ಕೆಳಗೆ ಎಷ್ಟೋ ವೇಳೆ ಅರ್ಧ ಹಲ್ಲೇ ಟೊಳ್ಳಾಗಿರುತ್ತದೆ.

ನಿಮ್ಮ ವಿವರಣೆಯಲ್ಲಿ ನನಗೆ ಸಮಾಧಾನ ತಂದ ಮಾತೆಂದರೆ "ಕ್ಷಣಕಾಲ" ಎಂಬುದು. ತಣ್ಣೀರು ನುಂಗಿದೊಡನೆ ಚಳುಕು ನಿಂತುಹೋಗುತ್ತಿದ್ದರೆ ಹಲ್ಲಿನೊಳಗಿನ ತಿರುಳು, ಅಂದರೆ ಜನ ನರ ಎನ್ನುವ ಭಾಗ, ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ ಎಂದು ಸಾಮಾನ್ಯವಾಗಿ ಭಾವಿಸಬಹುದು. ಅದೇ ಚಳುಕು ಬಹಳ ಹೊತ್ತು ಉಳಿಯತೊಡಗಿದರೆ, ಅಥವಾ ರಾತ್ರಿ ಮಲಗಿದಾಗ ತಾನಾಗಿಯೇ ಸಿಡಿತ ಎದ್ದರೆ, ಆಗ ಬರೀ ತುಂಬಿಸಿ ಕಳುಹಿಸುವಂತಿಲ್ಲ. ಕೆಟ್ಟ ತಿರುಳನ್ನು ತೆಗೆದು ಒಳಭಾಗವನ್ನು ತುಂಬುವ ರೂಟ್ ಕೆನಾಲ್ ಮಾಡಬೇಕಾಗುತ್ತದೆ, ಅದರ ಮೇಲೆ ಬಹುಪಾಲು ಕ್ಯಾಪ್ ಕೂಡ ಹಾಕಬೇಕಾಗುತ್ತದೆ. ಖರ್ಚು ಹಲವು ಪಟ್ಟು ಹೆಚ್ಚುವುದು ಒಂದು ಕಡೆಯಾದರೆ, ಜೀವಂತ ಹಲ್ಲನ್ನು ಕಳೆದುಕೊಂಡ ನಷ್ಟ ಇನ್ನೊಂದು ಕಡೆ.

ಕಪ್ಪಾಗಿದ್ದೆಲ್ಲ ಹುಳುಕಲ್ಲ ಎಂಬುದನ್ನೂ ಹೇಳಬೇಕು. ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ನೀರಿನ ಅತಿಯಾದ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಅವು ಗುಳಿಗಳಲ್ಲ, ಅವಕ್ಕೆ ಬೇರೆಯದೇ ಚಿಕಿತ್ಸೆ. ಆದ್ದರಿಂದ ಮೊದಲು ಎಕ್ಸ್‌ರೇ ತೆಗೆಸಿ, ಹುಳುಕಿನ ಆಳವನ್ನು ತೋರಿಸುವಂತೆ ಕೇಳಿ.

ಇನ್ನು ಬಣ್ಣದ ವಿಚಾರ. ಬೆಳ್ಳಿ ಬಣ್ಣದ ಅಮಾಲ್ಗಮ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಗಟ್ಟಿಯಾಗಿ ಅಗಿಯುವ ಹಲ್ಲಿನಲ್ಲಿ ಅದು ದೀರ್ಘಕಾಲ ಬಾಳುತ್ತದೆ. ಆದರೆ ಅದು ಹಲ್ಲಿಗೆ ಅಂಟುವುದಿಲ್ಲವಾದ್ದರಿಂದ, ಅದನ್ನು ಹಿಡಿದಿಡಲು ಒಳ್ಳೆಯ ಭಾಗವನ್ನೂ ಸ್ವಲ್ಪ ಕೊರೆಯಬೇಕಾಗುತ್ತದೆ. ಪಾದರಸದ ಬಳಕೆಯನ್ನು ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂದಿದೆ. ಯುರೋಪಿಯನ್ ಒಕ್ಕೂಟವಂತೂ 2025ರ ಜನವರಿಯಿಂದ, ಅನಿವಾರ್ಯ ಸಂದರ್ಭಗಳನ್ನು ಬಿಟ್ಟು, ಹಲ್ಲಿಗೆ ಅಮಾಲ್ಗಮ್ ತುಂಬುವುದನ್ನು ನಿಷೇಧಿಸಿದೆ. ಹಾಗೆಂದು ಗಟ್ಟಿಯಾಗಿ ಕೂತಿರುವ ಹಳೆಯ ಅಮಾಲ್ಗಮ್ ಅನ್ನು ಹೆದರಿ ತೆಗೆಸುವುದು ಬೇಡ.

ಹಲ್ಲಿನ ಬಣ್ಣದ ಕಾಂಪೋಸಿಟ್ ಹಲ್ಲಿಗೆ ಅಂಟಿಕೊಳ್ಳುತ್ತದೆ. ನಿಮಗೆ ನಾನು ಅದನ್ನೇ ಸೂಚಿಸುತ್ತೇನೆ, ಆದರೆ ಒಂದು ಷರತ್ತಿನೊಂದಿಗೆ: ತುಂಬುವಾಗ ಹಲ್ಲು ಒಣಗಿರಬೇಕು. ಹುಳುಕನ್ನು ತೆಗೆದ ಮೇಲೆ ಫಾಸ್ಫಾರಿಕ್ ಆಮ್ಲದ ಜೆಲ್ ಅನ್ನು ಕೆಲವೇ ಸೆಕೆಂಡು ಸವರಿ ತೊಳೆಯುತ್ತೇವೆ, ಅಂಟು ಹಚ್ಚುತ್ತೇವೆ, ಬಳಿಕ ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳನ್ನು ಒಂದೊಂದಾಗಿ ಇಟ್ಟು ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತೇವೆ. ಗಟ್ಟಿಯಾಗುವಾಗ ಅದು ತುಸು ಕುಗ್ಗುವುದರಿಂದಲೇ ಈ ಪದರಗಳ ತಾಳ್ಮೆ ಬೇಕು. ಇಷ್ಟರಲ್ಲಿ ಒಂದು ಹನಿ ಜೊಲ್ಲು ತಾಗಿದರೂ ಅಂಟು ಸಡಿಲಗೊಂಡು, ಅಂಚಿನಲ್ಲಿ ಸಂದು ಬಿದ್ದು, ಅದರ ಕೆಳಗೆ ಮತ್ತೆ ಹುಳುಕು ಶುರುವಾಗುತ್ತದೆ. ಆದ್ದರಿಂದ ಜೊಲ್ಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆಯಾದ ರಬ್ಬರ್ ಡ್ಯಾಮ್ ಹಾಕುವಿರಾ, ಇಲ್ಲದಿದ್ದರೆ ಹಲ್ಲನ್ನು ಹೇಗೆ ಒಣಗಿಸಿಡುವಿರಿ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ತುಂಬುವ ಮೂರನೆಯ ವಸ್ತುವಾದ ಗ್ಲಾಸ್ ಅಯನೋಮರ್ ಫ್ಲೋರೈಡ್ ಬಿಡುತ್ತದೆ, ಮಕ್ಕಳ ಹಾಲುಹಲ್ಲಿಗೆ ಚೆನ್ನ, ಆದರೆ ದೊಡ್ಡವರ ದವಡೆ ಹಲ್ಲಿನ ಅಗಿಯುವ ಮೇಲ್ಮೈಯಲ್ಲಿ ಬೇಗ ಸವೆಯುತ್ತದೆ.

ಖಾಸಗಿ ಕ್ಲಿನಿಕ್‌ನ ಖರ್ಚು ಭಾರವೆನಿಸಿದರೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗಿ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ವಿದ್ಯಾರ್ಥಿಗಳ ಕೆಲಸವನ್ನು ಅಧ್ಯಾಪಕರು ಪರಿಶೀಲಿಸುತ್ತಾರೆ. ಇಂಜೆಕ್ಷನ್ ಕೊಟ್ಟಿದ್ದರೆ ಮರಗಟ್ಟಿದ್ದು ಬಿಡುವವರೆಗೆ ಊಟ ಮಾಡಬೇಡಿ, ತುಟಿ ಕೆನ್ನೆ ಕಚ್ಚಿಹೋಗಬಹುದು. ತುಂಬಿಸಿದ ಮೇಲೆ ಒಂದೆರಡು ವಾರ ತುಸು ಚಳುಕು ಇರುವುದು ಸಹಜ. ಆದರೆ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತದೆ ಅನಿಸಿದರೆ ರೂಢಿಯಾಗುತ್ತದೆಂದು ಕಾಯದೆ ಮರಳಿ ಹೋಗಿ. ಬಣ್ಣದ ಕಾಗದ ಕಚ್ಚಿಸಿ, ಎತ್ತರವಾದ ಜಾಗವನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ.