ಸಂಪಾದಕರ ಉತ್ತರ: ಅಮೆರಿಕದ ಅಂಗವೈಕಲ್ಯ ಭತ್ಯೆಯ ವಿಚಾರಣೆ ಯಾರ ಮುಂದೆ ಬೀಳುತ್ತದೆ?

ನ್ಯೂಜೆರ್ಸಿಯ ಓದುಗರೊಬ್ಬರ ಪತ್ರ: ಬೆನ್ನುಹುರಿಯ ತೊಂದರೆಯಿಂದ ಕೆಲಸ ಬಿಟ್ಟ ತಮ್ಮನ ಅಂಗವೈಕಲ್ಯ ಭತ್ಯೆಯ ಅರ್ಜಿ ಸೋಷಿಯಲ್ ಸೆಕ್ಯುರಿಟಿಯಲ್ಲಿ (ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ) ಎರಡು ಸಲ ತಿರಸ್ಕಾರವಾಗಿದೆ, ಈಗ ನ್ಯಾಯಾಧೀಶರ ಮುಂದೆ ವಿಚಾರಣೆ. ಇದೇ ಕಾಯಿಲೆಯ ಪರಿಚಯದವರಿಗೆ ಬೇರೆ ರಾಜ್ಯದಲ್ಲಿ ಮಂಜೂರಾಯಿತು. ಎಲ್ಲ ನ್ಯಾಯಾಧೀಶರ ಕೈಯಲ್ಲೇ ಇದೆಯೇ? ವಿಳಾಸ ಬದಲಾಯಿಸಿದರೆ ಆದೀತೇ?

ನಿಮ್ಮ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2007ರಿಂದ 2015ರವರೆಗಿನ ತೀರ್ಪುಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಕೊಟ್ಟಿತು. ಅರ್ಜಿದಾರರ ನಡುವಿನ ವ್ಯತ್ಯಾಸಗಳನ್ನು ಲೆಕ್ಕದಿಂದ ಕಳೆದ ಮೇಲೂ, ನ್ಯಾಯಾಧೀಶರು ಬದಲಾದರೆ ಮಂಜೂರಾತಿಯ ಪ್ರಮಾಣ 46 ಶೇಕಡಾಂಶಗಳವರೆಗೆ ಏರುಪೇರಾಗಬಹುದೆಂದು ಅದು ಅಂದಾಜಿಸಿತು. ಬದುಕೇ ನಿಂತಿರುವ ವಿಷಯದಲ್ಲಿ ಇಷ್ಟು ಅಂತರ ಅನ್ಯಾಯವೇ ಸರಿ.

ಆದರೆ ವಿಳಾಸ ಬದಲಿಸಲು ಹೋಗಬೇಡಿ. ಕಡತ ಹೊಸ ಕಚೇರಿಗೆ ವರ್ಗವಾಗುತ್ತದೆ, ತಡವಾಗುತ್ತದೆ, ಅಲ್ಲಿಯೂ ನ್ಯಾಯಾಧೀಶರು ಸರದಿಯಂತೆ ಸಿಗುತ್ತಾರೆ. ಒಂದೇ ಕಟ್ಟಡದೊಳಗೇ ಇಬ್ಬರ ನಡುವೆ ದೊಡ್ಡ ಅಂತರವಿರುವುದುಂಟು. ಪ್ರತಿ ನ್ಯಾಯಾಧೀಶರು ಎಷ್ಟು ಮಂಜೂರು ಮಾಡಿದರು, ಎಷ್ಟು ತಿರಸ್ಕರಿಸಿದರು ಎಂಬುದನ್ನು ಇಲಾಖೆಯೇ ಪ್ರಕಟಿಸುತ್ತದೆ. ನೋಡಿ, ಆದರೆ ಆ ಅಂಕಿಯನ್ನೇ ಪಕ್ಷಪಾತದ ಸಾಕ್ಷಿಯೆಂದು ಮುಂದಿಡಬೇಡಿ. ನ್ಯಾಯಾಧೀಶರು ಹಿಂದೆ ಸರಿಯಲಿ ಎಂದು ಕೇಳುವ ಅವಕಾಶವಿದೆ, ಆದರೆ ಅದನ್ನು ಮೊದಲು ತೀರ್ಮಾನಿಸುವವರು ಅವರೇ.

ಅಂತರ ಹುಟ್ಟಬಹುದಾದ ಒಂದು ಮುಖ್ಯ ಜಾಗ: ಈ ವ್ಯಕ್ತಿಗೆ ಇನ್ನೂ ಎಷ್ಟು ಕೆಲಸ ಮಾಡುವ ಶಕ್ತಿ ಉಳಿದಿದೆ ಎಂಬ ನಿರ್ಣಯ. ವೈದ್ಯರು ‘ಇವರು ಕೆಲಸಕ್ಕೆ ಅಸಮರ್ಥರು’ ಎಂದಷ್ಟೇ ಬರೆದರೆ, 2017ರ ಮಾರ್ಚ್ 27ರಿಂದ ಈಚೆ ಸಲ್ಲಿಸಿದ ಅರ್ಜಿಗಳಲ್ಲಿ ಆ ಮಾತಿಗೆ ಬೆಲೆಯಿಲ್ಲ. ಆ ತೀರ್ಮಾನ ಇಲಾಖೆಯದು. ಬರಹದಲ್ಲಿ ಇರಬೇಕಾದ್ದು ಅಳತೆಗಳು. ಒಮ್ಮೆಗೆ ಎಷ್ಟು ನಿಮಿಷ ಕೂರಬಲ್ಲರು, ಎಂಟು ಗಂಟೆಯ ದಿನದಲ್ಲಿ ಒಟ್ಟು ಎಷ್ಟು ಹೊತ್ತು ನಿಲ್ಲಬಲ್ಲರು, 10 ಪೌಂಡ್ ಎತ್ತಬಲ್ಲರೇ, ಎಷ್ಟು ಸಲ ಮಲಗಬೇಕು, ತಿಂಗಳಿಗೆ ಎಷ್ಟು ದಿನ ಕೆಲಸ ತಪ್ಪುತ್ತದೆ. ಪ್ರತಿಯೊಂದಕ್ಕೂ ಎಂಆರ್‌ಐ ಅಥವಾ ತಪಾಸಣೆಯ ಟಿಪ್ಪಣಿಯ ಆಸರೆ ಬೇಕು. ಖಾಲಿ ಬಿಟ್ಟ ಅಳತೆಯನ್ನು ನ್ಯಾಯಾಧೀಶರು ತಮ್ಮ ಅಂದಾಜಿನಿಂದ ತುಂಬುತ್ತಾರೆ, ಅಲ್ಲಿಯೇ ಒಬ್ಬರಿಗೂ ಇನ್ನೊಬ್ಬರಿಗೂ ದಾರಿ ಕವಲೊಡೆಯುವುದು.

ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲರಿರುವುದಿಲ್ಲ, ಆದರೆ ಸಾಮಾನ್ಯವಾಗಿ ಉದ್ಯೋಗ ತಜ್ಞರೊಬ್ಬರಿರುತ್ತಾರೆ. ಇಂಥ ಮಿತಿಗಳಿರುವವರಿಗೆ ದೇಶದಲ್ಲಿ ಯಾವ ಕೆಲಸವಿದೆ ಎಂದು ನ್ಯಾಯಾಧೀಶರು ಅವರನ್ನು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಬಿಟ್ಟುಹೋದ ಮಿತಿಯನ್ನು, ಉದಾಹರಣೆಗೆ ತಿಂಗಳಿಗೆ ಎರಡು-ಮೂರು ದಿನದ ಗೈರು, ಸೇರಿಸಿ ಕೇಳಬೇಕಾದವರು ನಿಮ್ಮ ಪ್ರತಿನಿಧಿ, ಅಂದರೆ ನಿಮ್ಮ ಪರ ವಾದಿಸುವ ವಕೀಲರು ಅಥವಾ ಅಂಥವರು. ಪ್ರತಿನಿಧಿ ಇದ್ದವರಿಗೆ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಮಂಜೂರಾಗಿತ್ತೆಂದು ಅದೇ ಜಿಎಒ ವರದಿ ಹೇಳುತ್ತದೆ. ಗೆದ್ದರೆ ಮಾತ್ರ ಶುಲ್ಕ ಕೊಡುವ ಒಪ್ಪಂದವೇ ರೂಢಿ: ಗೆದ್ದಾಗ ಹಿಂದಿನ ಅವಧಿಗೆ ಸಿಗುವ ಬಾಕಿ ಭತ್ಯೆಯ ಶೇ 25, ಅದಕ್ಕೊಂದು ಗರಿಷ್ಠ ಮಿತಿ; 2024ರ ನವೆಂಬರ್ ಕೊನೆಗೆ ಜಾರಿಗೆ ಬಂದ ಮಿತಿ 9,200 ಡಾಲರ್ ಆಗಿತ್ತು.

ದಿನಾಂಕಗಳ ವಿಷಯಕ್ಕೆ ಬಂದರೆ, ಎರಡನೆಯ ತಿರಸ್ಕಾರದ ಪತ್ರ ಕೈಸೇರಿದ 60 ದಿನದೊಳಗೆ ವಿಚಾರಣೆ ಕೋರಬೇಕು. ವಿಚಾರಣೆಯ ನೋಟಿಸು ಕನಿಷ್ಠ 75 ದಿನ ಮೊದಲು ಬರುತ್ತದೆ. ದಾಖಲೆಗಳನ್ನು ಐದು ಕೆಲಸದ ದಿನ ಮೊದಲೇ ಕೊಡಬೇಕು. ಆಸ್ಪತ್ರೆ ಇನ್ನೂ ಕಳಿಸಿಲ್ಲವಾದರೆ ‘ಇಂಥ ದಾಖಲೆ ಬರಲಿಕ್ಕಿದೆ’ ಎಂದು ಅಷ್ಟರೊಳಗೆ ಬರೆದು ತಿಳಿಸಬೇಕು. ತಮ್ಮನಿಗೆ ನೋವನ್ನು ಕನ್ನಡದಲ್ಲೇ ಸರಿಯಾಗಿ ಹೇಳಲು ಬರುವುದಾದರೆ ದುಭಾಷಿಯನ್ನು ಈಗಲೇ ಕೇಳಿ, ಇಲಾಖೆ ಉಚಿತವಾಗಿ ಒದಗಿಸುತ್ತದೆ.

ಸೋತರೆ 60 ದಿನದೊಳಗೆ ಅಪೀಲ್ಸ್ ಕೌನ್ಸಿಲ್ (ಇಲಾಖೆಯದೇ ಮೇಲ್ಮನವಿ ಮಂಡಳಿ), ಅಲ್ಲಿಯೂ ಆಗದಿದ್ದರೆ ಫೆಡರಲ್ ಜಿಲ್ಲಾ ನ್ಯಾಯಾಲಯ. ಮರುವಿಚಾರಣೆಗೆ ಆದೇಶವಾದರೆ ಕಡತ ಮೊದಲ ಸಲ ಸಾಮಾನ್ಯವಾಗಿ ಅದೇ ನ್ಯಾಯಾಧೀಶರಿಗೆ ಮರಳುತ್ತದೆ. ಹಾಗಾಗಿ ವೈದ್ಯರ ಅಳತೆಗಳ ಪತ್ರವನ್ನು ಮೊದಲ ವಿಚಾರಣೆಗೇ ತಯಾರಿಟ್ಟುಕೊಳ್ಳಿ.